ಕೋಡಿ ಬಿದ್ದ ದಿನ ಗಾಳ ಹಿಡಿದವರು

ಮಲಪ್ರಭೆಯ ದಂಡೆಯಲ್ಲಿ ಬೆಳೆದ ಹುಡುಗರಿಗೆ ಗಾಳ ಹಾಕುವುದನ್ನು ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಈ ಹೊಳೆ ಎಂ.ಕೆ. ಹುಬ್ಬಳ್ಳಿ ದಾಟಿ, ಬೈಲಹೊಂಗಲ ಸೀಮೆಯ ಹೊಲಗಳ ನಡುವೆ ಹಾದು, ಸವದತ್ತಿಯ ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ಸಿಕ್ಕು ನಿಲ್ಲುತ್ತದೆ. ಅಲ್ಲಿಂದ ಬಿಟ್ಟ ನೀರು ರಾಮದುರ್ಗದ ಮಗ್ಗುಲಲ್ಲಿ ಹರಿದು ಕೊನೆಗೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ನಮ್ಮ ನಾಲ್ಕೂ ಊರುಗಳಿಗೆ ನದಿ ಒಂದೇ, ಮಳೆ ಮಾತ್ರ ಒಂದೇ ಅಲ್ಲ. ಕಿತ್ತೂರಿನಲ್ಲಿ ಛತ್ರಿ ಮಡಚಲು ಪುರಸೊತ್ತಿಲ್ಲದ ದಿನ ರಾಮದುರ್ಗದಲ್ಲಿ ಜನ ಟವೆಲ್ಲು ತಲೆಗೆ ಸುತ್ತಿಕೊಂಡು ಮೋಡ ನೋಡುತ್ತಿರುತ್ತಾರೆ.

ನಾನು ಸವದತ್ತಿಯವನು. ರೇಣುಕಾಸಾಗರದ ಹಿನ್ನೀರು ನನಗೆ ಪಾಠಶಾಲೆ ಇದ್ದ ಹಾಗೆ. ಯಾವ ಬಂಡೆಯ ಪಕ್ಕ ಎಷ್ಟು ಆಳ, ಯಾವ ತಿಂಗಳಲ್ಲಿ ನೀರು ಎಲ್ಲಿಯವರೆಗೆ ಇಳಿಯುತ್ತದೆ ಎಂಬುದು ಕಣ್ಣು ಮುಚ್ಚಿದರೂ ಗೊತ್ತು. ಆದರೆ ಗೊತ್ತಿಲ್ಲದ ಕೆರೆಯ ಮಾತೇ ಬೇರೆ. ಅದು ಪರಿಚಯವಿಲ್ಲದವರ ಮನೆಗೆ ಹೋದಂತೆ. ಬಾಗಿಲು ಯಾವ ಕಡೆ, ಹಿರಿಯರು ಎಲ್ಲಿ ಕೂರುತ್ತಾರೆ, ನಾಯಿ ಕಟ್ಟಿದ್ದಾರೋ ಇಲ್ಲವೋ ಎಂದು ನೋಡಿಕೊಂಡೇ ಹೆಜ್ಜೆ ಇಡಬೇಕು. ಅಂಥ ಒಂದು ಕೆರೆಗೆ ಮೊನ್ನೆಯ ಮಘಾ ಮಳೆಯಲ್ಲಿ ಹೋಗಿ ಬಂದ ಕತೆ ಇದು.

ಕೆರೆ ಇರುವುದು ಬೈಲಹೊಂಗಲ ಮತ್ತು ಕಿತ್ತೂರಿನ ನಡುವೆ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ರಾತ್ರಿ ಟಾರ್ಚು ಹಿಡಿದು ಬರುವವರಿಗೆ ದಾರಿ ತೋರಿಸಿದಂತಾಗುತ್ತದೆ ಎಂದು ಕೆರೆಯ ಮೀನಿನ ಗುತ್ತಿಗೆ ಹಿಡಿದವರು ಮೊದಲೇ ಹೇಳಿದ್ದಾರೆ. ಅವರು ನನ್ನ ಗೆಳೆಯನ ಸೋದರಮಾವ. ಗೆಳೆಯ ರಾಮದುರ್ಗದವನು, ಧಾರವಾಡದಲ್ಲಿ ಒಂದೇ ರೂಮಿನಲ್ಲಿದ್ದು ಸ್ಪರ್ಧಾತ್ಮಕ ಪರೀಕ್ಷೆಗೆ ಓದಿದವರು ನಾವು. ಅವನು ಮಾಮಾ ಎನ್ನುವುದರಿಂದ ನಾನೂ ಮಾಮಾ ಎಂದೇ ಕರೆಯುತ್ತೇನೆ.

ಮಾಮಾ ಕರೆದದ್ದು ಮೋಜಿಗಲ್ಲ. ಕೆರೆಯ ಪಶ್ಚಿಮದ ಮೂಲೆಯಲ್ಲಿ ನೀರಿನೊಳಗೆ ಹಳೆಯ ಜಾಲಿಗಿಡಗಳ ಬೊಡ್ಡೆಗಳಿವೆ. ಅಲ್ಲಿ ಬಲೆ ಎಳೆದರೆ ಹರಿಯುತ್ತದೆ. ಹೋದ ಬೇಸಿಗೆಯಲ್ಲಿ ಉಳಿದ ಕಡೆ ಮೀನು ಹಿಡಿದರೂ ಆ ಮೂಲೆಯವು ಹಾಗೇ ಉಳಿದುಕೊಂಡವು. ಅವು ಎಷ್ಟಿವೆ, ಎಷ್ಟು ದಪ್ಪ ಆಗಿವೆ ಎಂದು ತಿಳಿಯಲು ಗಾಳವೇ ದಾರಿ.

‘ಶ್ರಾವಣ ಮುಗಿಯೂತನಾ ಪ್ಯಾಟ್ಯಾಗ ಮೀನ ಕೇಳೋರಿಲ್ಲ. ಹಿಡೀರಿ, ನೋಡ್ರಿ, ತೂಕ ಬರಕೊಂಡು ತಿರುಗಿ ಬಿಡ್ರಿ. ಒಂದ ದಿನದ ಕೆಲಸ’ ಎಂದಿದ್ದರು ಫೋನಿನಲ್ಲಿ. ಶ್ರಾವಣದಲ್ಲಿ ನಮ್ಮ ಮನೆಯಲ್ಲೂ ಒಲೆಯ ಮೇಲೆ ಮೀನು ಏರುವುದಿಲ್ಲ. ಹಾಗಾಗಿ ಈ ಕೆಲಸ ನಮಗೂ ಒಪ್ಪಿತು.

ಗೆಳೆಯನಿಗೆ ಇನ್ನೊಂದು ಲೆಕ್ಕವೂ ಇತ್ತು. ಎರಡು ಸಲ ಪರೀಕ್ಷೆ ಬರೆದಾಗಿದೆ. ಮನೆಯಲ್ಲಿ ಪುಣೆಗೆ ಹೋಗು ಎನ್ನುತ್ತಿದ್ದಾರೆ. ಅವನ ಮನಸ್ಸು ರಾಮದುರ್ಗದ ಕಡೆಯ ಒಂದು ಚಿಕ್ಕ ಕೆರೆಯ ಗುತ್ತಿಗೆ ಹಿಡಿಯುವುದರ ಮೇಲಿದೆ. ಅದು ಆಗುವ ಹೋಗುವ ಮಾತೋ ಅಲ್ಲವೋ ಎಂದು ಮಾಮಾನ ಕೆರೆಯ ಮೇಲೆ ನಿಂತು ನೋಡಬೇಕೆಂದಿದ್ದ.

ನೀರು ಓದುವ ಕೆಲಸ

ಬೆಳಿಗ್ಗೆ ಆರಕ್ಕೆ ಬೈಕ್ ಹತ್ತಿದೆವು. ಬೈಲಹೊಂಗಲದಲ್ಲಿ ಚಾ ಕುಡಿಯುವಾಗ ಇದ್ದದ್ದು ತುಂತುರು. ರಾಣಿ ಚನ್ನಮ್ಮನ ಸಮಾಧಿ ಇರುವ ಈ ಊರಿನಿಂದ, ಅವಳು 1824ರ ಅಕ್ಟೋಬರ್ 23ರಂದು ಥ್ಯಾಕರೆಯ ಸೈನ್ಯವನ್ನು ಸೋಲಿಸಿದ ಕಿತ್ತೂರಿನ ಕಡೆಗೆ ಹೊರಳಿದಂತೆ ಮೋಡ ಕೆಳಗಿಳಿಯಿತು. ಎರೆಮಣ್ಣು ಗಾಲಿಗೆ ಹತ್ತಿ ಮಡ್‌ಗಾರ್ಡ್ ತುಂಬಿ, ಎರಡು ಸಲ ಕಡ್ಡಿ ಹಾಕಿ ಕೆದರಬೇಕಾಯಿತು. ಕೆರೆ ತಲುಪಿದಾಗ ಮಳೆ ಹದವಾಗಿ ಹಿಡಿದಿತ್ತು.

ಸುಮಾರು ಹನ್ನೆರಡು ಎಕರೆಯ ಕೆರೆ. ಪೂರ್ವಕ್ಕೆ ಕಲ್ಲು ಹೊದಿಸಿದ ಮಣ್ಣಿನ ಒಡ್ಡು. ಒಡ್ಡಿನ ಉತ್ತರದ ತುದಿಗೆ ಕೋಡಿ. ಕೆಳಗೆ ಸೋಯಾಬಿನ್, ಕಬ್ಬಿನ ಹೊಲಗಳು. ಪಶ್ಚಿಮದಿಂದ ಒಂದು ಹಳ್ಳ ಬಂದು ಸೇರುತ್ತದೆ. ಕೋಡಿಗೆ ಅಡ್ಡಲಾಗಿ ಮಾಮಾ ನೈಲಾನ್ ಬಲೆ ಕಟ್ಟಿದ್ದರು. ನೀರಿನ ಮಟ್ಟ ಕೋಡಿಗಿಂತ ಒಂದು ಗೇಣು ಕೆಳಗಿತ್ತು.

ಗೊತ್ತಿಲ್ಲದ ಕೆರೆಗೆ ಹೋದ ಕೂಡಲೇ ಗಾಳ ಎಸೆಯಬಾರದು ಎಂಬುದು ನಾನು ಹಿನ್ನೀರಿನಲ್ಲಿ ಕಲಿತ ಮೊದಲ ಪಾಠ. ಅರ್ಧ ಗಂಟೆ ಸುಮ್ಮನೆ ದಂಡೆ ಸುತ್ತಬೇಕು, ಅದೂ ಮೆತ್ತಗೆ. ಗೆಂಡೆ ಜಾತಿಯ ಮೀನುಗಳಿಗೆ ಕಿವಿ ಚುರುಕು. ಅವುಗಳ ಗಾಳಿಚೀಲಕ್ಕೂ ಒಳಗಿವಿಗೂ ನಡುವೆ ಸಣ್ಣ ಎಲುಬುಗಳ ಸರಪಳಿ ಇದೆ. ನೀರಿಗೆ ತಾಗಿದ ಸದ್ದು ಅದರ ಮೂಲಕ ನೇರ ಒಳಗಿವಿ ಮುಟ್ಟುತ್ತದೆ. ಒಡ್ಡಿನ ಮೇಲೆ ದಬದಬ ಓಡಿದರೆ ಅವುಗಳಿಗೆ ನಮ್ಮ ಆಗಮನದ ವರದಿ ಹೋದಂತೆಯೇ.

ಎರಡನೆಯದು, ಹೊಸ ನೀರು ಎಲ್ಲಿ ಬರುತ್ತಿದೆ ಎಂದು ನೋಡುವುದು. ಹಳ್ಳದ ಕೆಂಪು ನೀರು ಕೆರೆಯ ಹಸಿರು ನೀರಿಗೆ ಕೂಡುವ ಕಡೆ ಒಂದು ಗೆರೆ ಕಾಣುತ್ತದೆ. ಹೊಲದಿಂದ ಕೊಚ್ಚಿಬಂದ ಎರೆಹುಳು, ಕಾಳು, ಕೀಟ ಎಲ್ಲ ಅಲ್ಲಿ ಬೀಳುತ್ತವೆ. ಮಳೆಯ ನೀರಿನೊಂದಿಗೆ ಉಸಿರಿಗೆ ಬೇಕಾದ ಆಮ್ಲಜನಕವೂ ಬರುತ್ತದೆ. ಬೇಸಿಗೆಯಿಂದ ನಿಂತ ನೀರಿನಲ್ಲಿ ಮಂಕಾಗಿದ್ದ ಮೀನು ಆ ಗೆರೆಯ ಹತ್ತಿರ ಬಂದೇ ಬರುತ್ತದೆ.

ಮೂರನೆಯದು ಗುಳ್ಳೆ. ಮಳೆಹನಿ ಎಬ್ಬಿಸುವ ಗುಳ್ಳೆ ಬಿದ್ದಲ್ಲೇ ಒಡೆಯುತ್ತದೆ. ತಳದ ಕೆಸರನ್ನು ಮೂತಿಯಿಂದ ಕೆದಕುವ ಮೀನಿನ ಗುಳ್ಳೆಗಳು ಸಾಸಿವೆ ಚೆಲ್ಲಿದಂತೆ ಗುಂಪಾಗಿ ಏಳುತ್ತವೆ, ನಿಧಾನಕ್ಕೆ ಮುಂದೆ ಸರಿಯುತ್ತವೆ. ಹನಿಗಳ ನಡುವೆ ಇದನ್ನು ಗುರುತಿಸಲು ಕಣ್ಣು ಒಗ್ಗಬೇಕು.

ನಾಲ್ಕನೆಯದು ಆಳ. ಗಾಳದ ದಾರಕ್ಕೆ ಸಣ್ಣ ಕಲ್ಲು ಕಟ್ಟಿ ಇಳಿಬಿಟ್ಟು, ಬೆಂಡನ್ನು ಮೇಲೆ ಕೆಳಗೆ ಸರಿಸಿ ಅಳೆದುಕೊಂಡೆ. ಜಾಲಿ ಬೊಡ್ಡೆಗಳ ಅಂಚಿನಲ್ಲಿ ಎಂಟು ಅಡಿ, ಅಲ್ಲಿಂದ ಎರಡು ಮಾರು ಆಚೆಗೆ ನಾಲ್ಕೇ ಅಡಿ. ಹೂಳು ತೆಗೆದವರು ಒಂದು ಗುಂಡಿ ಬಿಟ್ಟಿದ್ದರೆಂದು ಮಾಮಾ ಹೇಳಿದರು. ಇಂಥ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ. ಈಜಲು ಇಳಿಯುವ ಹುಡುಗರ ಜೀವ ಹೋಗುವುದು ಇಂಥಲ್ಲೇ. ಗೊತ್ತಿಲ್ಲದ ನೀರಿಗೆ ಮೊದಲು ಇಳಿಯಬೇಕಾದ್ದು ಕಲ್ಲು ಕಟ್ಟಿದ ದಾರ, ಕಾಲಲ್ಲ.

ಮೀನಿಗೆ ಹಾಕುವ ತುತ್ತನ್ನು ಮನೆಯಿಂದ ತಂದಿದ್ದೆವು. ಜೋಳದ ಹಿಟ್ಟು, ಶೇಂಗಾ ಹಿಂಡಿ, ಚೂರು ಬೆಲ್ಲ. ಹಸಿ ಹಿಟ್ಟಿನ ಉಂಡೆ ಮಳೆಯಲ್ಲಿ ಬೇಗ ಕರಗುತ್ತದೆ, ಅದಕ್ಕೇ ಕಡುಬಿನ ಹಾಗೆ ಆವಿಯಲ್ಲಿ ಬೇಯಿಸಿ ತಂದಿದ್ದೆ. ಮೀನು ತಿರುಗಿ ಬಿಡಬೇಕಿದ್ದರಿಂದ ಕೊಕ್ಕೆಯ ಒಳಮುಳ್ಳನ್ನು ಪಕ್ಕಡಿನಿಂದ ಒತ್ತಿ ಚಪ್ಪಟೆ ಮಾಡಿದೆ.

ರಾಜರೂ ಕೂತ ಕೆಲಸ

ಗಾಳ ಹಾಕಿ ಕೂರುವವರನ್ನು ಕಂಡರೆ ಕೆಲಸವಿಲ್ಲದವರು ಎಂಬ ಮಾತು ನಮ್ಮಲ್ಲಿ ಸಾಮಾನ್ಯ. ಒಡ್ಡಿನ ಮೇಲೆ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಅಜ್ಜನೂ ‘ಏನ್ ತಮ್ಮಾ, ಸಾಲಿ ಕಲ್ತ ಹುಡುಗ್ರು ಕಂಡಂಗ ಕಾಣ್ತೀರಿ, ಇದೇನ ಹಚ್ಚೀರಿ?’ ಎಂದರು. ಅವರಿಗೆ ಸೋಮೇಶ್ವರನ ಕತೆ ಹೇಳೋಣವೆನ್ನಿಸಿತು.

ಕಲ್ಯಾಣದ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ‘ಮಾನಸೋಲ್ಲಾಸ’ ಎಂಬ ಗ್ರಂಥವನ್ನು ಸಂಸ್ಕೃತದಲ್ಲಿ ಬರೆದ. ನೂರು ಅಧ್ಯಾಯಗಳ ದೊಡ್ಡ ಕೃತಿ. ರಾಜ್ಯಭಾರದಿಂದ ಅಡುಗೆಯವರೆಗೆ, ಆನೆಯಿಂದ ಸಂಗೀತದವರೆಗೆ ಎಲ್ಲವೂ ಅದರಲ್ಲಿದೆ. ಅದರ ಒಂದು ಅಧ್ಯಾಯದ ಹೆಸರೇ ‘ಮತ್ಸ್ಯವಿನೋದ’. ಮೀನುಗಳ ಬಗೆಗಳು, ಅವುಗಳಿಗೆ ಹಾಕುವ ಆಹಾರ, ಗಾಳದಿಂದ ಹಿಡಿಯುವ ಕ್ರಮ ಎಲ್ಲವನ್ನೂ ಒಬ್ಬ ರಾಜ ಕೂತು ಬರೆದಿದ್ದಾನೆ. 20ನೇ ಶತಮಾನದಲ್ಲಿ ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ ಈ ಅಧ್ಯಾಯವನ್ನು ಅಧ್ಯಯನ ಮಾಡಿ ವಿಜ್ಞಾನ ಲೋಕದ ಗಮನಕ್ಕೆ ತಂದರು. ನಮ್ಮ ಸವದತ್ತಿಯನ್ನು ಆಳಿದ ರಟ್ಟರು ಈ ಕಲ್ಯಾಣದ ಚಾಲುಕ್ಯರ ಸಾಮಂತರು. ಅಂದರೆ ನಾನು ಕೂತಿದ್ದು ಆ ರಾಜನ ಸೀಮೆಯಲ್ಲೇ. ಅಜ್ಜ ಇಷ್ಟು ಕೇಳಿಸಿಕೊಂಡು, ‘ರಾಜರಿಗೆ ಎಮ್ಮಿ ಮೇಯಸೂದು ಇರಲಿಲ್ಲ ಬಿಡು’ ಎಂದು ಹೊರಟುಹೋದರು.

ಒಂಬತ್ತೂವರೆಗೆ ಬೆಂಡು ಒಂದು ಸಲ ತಲೆ ಅಲ್ಲಾಡಿಸಿ, ಪಕ್ಕಕ್ಕೆ ವಾಲಿ, ಸರ್ರನೆ ಒಳಗೆ ಹೋಯಿತು. ಬಿದಿರ ಕೋಲು ಬಿಲ್ಲಾಯಿತು. ಜಾಲಿ ಬೊಡ್ಡೆಯ ಕಡೆ ಹೋಗದಂತೆ ತಡೆಯುವುದೇ ಕಷ್ಟ. ಹಿಂದೆ ಸರಿಯುತ್ತ, ದಂಡೆಗುಂಟ ನಡೆಯುತ್ತ ಐದು ನಿಮಿಷ ಆಡಿಸಿದ ಮೇಲೆ ಬಂದದ್ದು ರೋಹು. ಕೆಂಪು ಬಣ್ಣ ಹೊಳೆಯುವ ಹುರುಪೆ, ಕಿರಿದಾದ ಬಾಯಿ. ಕೈ ಒದ್ದೆ ಮಾಡಿಕೊಂಡು ಹಿಡಿದೆ. ಒಣ ಕೈ ತಾಗಿದರೆ ಮೈಮೇಲಿನ ಲೋಳೆ ಕಿತ್ತು ಮೀನಿಗೆ ರೋಗ ತಗಲುತ್ತದೆ. ಗೆಳೆಯ ತಕ್ಕಡಿ ಹಿಡಿದ. ಒಂದು ಕಿಲೋ ಇನ್ನೂರು ಗ್ರಾಂ. ಮಾಮಾ ನೋಟ್‌ಬುಕ್ಕನ್ನು ಪ್ಲಾಸ್ಟಿಕ್ ಚೀಲದೊಳಗೇ ಇಟ್ಟುಕೊಂಡು ಬರೆದುಕೊಂಡರು.

ಹನ್ನೊಂದರ ಹೊತ್ತಿಗೆ ಮೂರು ರೋಹು, ಒಂದು ಮೃಗಾಲ್ ಆದವು. ಕಾಟ್ಲಾ ಬರಲಿಲ್ಲ. ಬಾರದ್ದಕ್ಕೆ ಕಾರಣವಿದೆ. ಕಾಟ್ಲಾ ಮೇಲಿನ ನೀರಿನಲ್ಲಿ ತಿನ್ನುವ ಮೀನು, ಅದರ ಬಾಯಿಯೇ ಮೇಲ್ಮುಖವಾಗಿದೆ. ರೋಹು ನಡುನೀರಿನದು, ಮೃಗಾಲ್ ತಳದ್ದು. ಒಂದೇ ಕೆರೆಯಲ್ಲಿ ಮೂರನ್ನೂ ಕೂಡಿಸಿ ಬಿಡುವುದು ಅದಕ್ಕೇ. ಮೂರಂತಸ್ತಿನ ಮನೆಯಲ್ಲಿ ಮೂರು ಸಂಸಾರ, ಯಾರ ಅಡುಗೆಗೂ ಯಾರೂ ಕೈ ಹಾಕುವುದಿಲ್ಲ.

ಆಮೇಲೆ ಕಚ್ಚಿದ್ದು ಮನೆಯ ನಿಯಮ ಪಾಲಿಸದ ನಾಲ್ಕನೆಯದು. ಎರಡು ಕಿಲೋ ಮೀರಿದ ಸಾಮಾನ್ಯ ಗೆಂಡೆ. ಬಾಯಿಯ ಅಂಚಿನಲ್ಲಿ ಎರಡು ಜೊತೆ ಮೀಸೆ, ಬಂಗಾರದ ಛಾಯೆಯ ಮೈ, ಉಬ್ಬಿದ ಹೊಟ್ಟೆ. ಮಾಮಾ ಹೊಟ್ಟೆಯ ಮೇಲೆ ಬೆರಳಿಟ್ಟು ನೋಡಿ, ‘ತತ್ತಿ ಐತಿ. ತೂಕ ಬ್ಯಾಡ, ಬಿಡ ಬಿಡ’ ಎಂದು ಅವಸರ ಮಾಡಿದರು. ನೀರಿನಲ್ಲಿ ಅದನ್ನು ನೆಟ್ಟಗೆ ಹಿಡಿದುಕೊಂಡೆ. ಎರಡು ಸಲ ಕಿವಿರು ಅಲುಗಿಸಿ, ಬಾಲ ಬೀಸಿ ಹೋಯಿತು.

ಈ ಗೆಂಡೆ ನಮ್ಮ ದೇಶದ್ದಲ್ಲ. 1939ರಲ್ಲಿ ಶ್ರೀಲಂಕಾದಿಂದ ನೀಲಗಿರಿಗೆ ಬಂತು, 1957ರಲ್ಲಿ ಬ್ಯಾಂಕಾಕ್‌ನಿಂದ ಇನ್ನೊಂದು ತಳಿ ಬಂತು. ನಿಂತ ನೀರಿನಲ್ಲೇ ಜೊಂಡಿಗೆ ಮೊಟ್ಟೆ ಅಂಟಿಸಿ ಮರಿ ಮಾಡುತ್ತದೆ. ಒಂದು ಕಿಲೋ ತೂಕಕ್ಕೆ ಲಕ್ಷದ ಲೆಕ್ಕದಲ್ಲಿ ಮೊಟ್ಟೆ. ಖರ್ಚಿಲ್ಲದೆ ಮರಿ ಸಿಗುತ್ತದೆಂದು ಮಾಮಾಗೆ ಇದರ ಮೇಲೆ ಪ್ರೀತಿ. ತಳ ಕೆದಕಿ ನೀರು ರಾಡಿ ಮಾಡುತ್ತದೆ, ಮೃಗಾಲ್‌ನ ಊಟಕ್ಕೆ ಕೈ ಹಾಕುತ್ತದೆ ಎಂದು ಸಿಟ್ಟೂ ಇದೆ.

ನಮ್ಮವೇ ಆದ ಕಾಟ್ಲಾ, ರೋಹು, ಮೃಗಾಲ್‌ಗಳ ಹಟ ಬೇರೆ. ಅವಕ್ಕೆ ಮಳೆಗಾಲದ ಹರಿಯುವ ಹೊಳೆಯೇ ಬೇಕು. ಕೆರೆಯಲ್ಲಿ ಎಷ್ಟೇ ಚೆನ್ನಾಗಿ ಬೆಳೆದರೂ ಮೊಟ್ಟೆ ಇಡುವುದಿಲ್ಲ. ಮೊದಲೆಲ್ಲ ನದಿಗಳಲ್ಲಿ ಮರಿ ಹಿಡಿದು ತಂದು ಕೆರೆಗೆ ಬಿಡಬೇಕಿತ್ತು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ವಿಜ್ಞಾನಿ ಹೀರಾಲಾಲ್ ಚೌಧುರಿ ಮತ್ತು ಅವರ ಸಂಗಡಿಗರು ಮೀನಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆಗಳನ್ನು ಕೊಳದಲ್ಲೇ ಮರಿ ಮಾಡಿಸಿದರು. ಇವತ್ತು ಆ ದಿನವನ್ನು ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ. ನಮ್ಮ ಹಳ್ಳಿಯ ಕೆರೆಗಳಿಗೆ ಪ್ರತಿ ಮುಂಗಾರಿನಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಬರುವ ಮರಿಗಳ ಹಿಂದೆ ಇರುವುದು ಅದೇ ಕೆಲಸ.

ಮಾಮಾ ಜುಲೈನಲ್ಲಿ ಹತ್ತು ಸಾವಿರ ಮರಿ ಬಿಟ್ಟಿದ್ದರು. ಅದಕ್ಕೆ ಹಾಕಿದ ದುಡ್ಡು ಅತ್ತೆ ತಮ್ಮ ಸ್ವಸಹಾಯ ಸಂಘದಲ್ಲಿ ಎತ್ತಿದ ಸಾಲ. ಮರಿಗಳು ಈಗ ಬೆರಳುದ್ದ ಆಗಿವೆ. ಈ ಮಾತು ಹೇಳುವಾಗ ಮಾಮಾನ ಕಣ್ಣು ನಮ್ಮ ಮೇಲಿರಲಿಲ್ಲ, ಕೋಡಿಯ ಮೇಲಿತ್ತು.

ಬಲೆಯೋ ಒಡ್ಡೋ

ಮಧ್ಯಾಹ್ನ ಅತ್ತೆ ಕಳಿಸಿದ ಬುತ್ತಿ ಬಿಚ್ಚಿದೆವು. ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಎರಡನೇ ರೊಟ್ಟಿ ಮುರಿಯುವಷ್ಟರಲ್ಲಿ ಪಶ್ಚಿಮದ ದಿಕ್ಕು ಕಪ್ಪಾಯಿತು. ಮಿಂಚು ಕಂಡು ಗುಡುಗು ಕೇಳುವುದರೊಳಗೆ ಹತ್ತು ಎಣಿಸಲಾಗಲಿಲ್ಲ. ಗಾಳ ಮಡಚಿ ಒಡ್ಡಿನಿಂದ ಇಳಿದು ಮಾಮಾನ ತಗಡಿನ ಶೆಡ್ಡಿಗೆ ಓಡಿದೆವು. ಬಯಲಿನಲ್ಲಿ, ನೀರಿನ ಪಕ್ಕ, ಕೈಯಲ್ಲಿ ಉದ್ದನೆಯ ಕೋಲು ಹಿಡಿದು ನಿಲ್ಲುವುದೆಂದರೆ ಸಿಡಿಲನ್ನು ಕರೆದಂತೆ. ಕಾರ್ಬನ್ ಕೋಲು ಇದ್ದವರಂತೂ ಮೊದಲು ಅದನ್ನು ಕೆಳಗಿಡಬೇಕು, ಅದರೊಳಗೆ ವಿದ್ಯುತ್ ಹರಿಯುತ್ತದೆ.

ಗುಡುಗು ದೂರವಾದರೂ ಮಳೆ ನಿಲ್ಲಲಿಲ್ಲ. ಮೂರಕ್ಕೆ ಹೊರಬಂದು ನೋಡಿದರೆ ಹಳ್ಳ ದಂಡೆ ತುಂಬಿ ಹರಿಯುತ್ತಿತ್ತು. ಕೋಡಿ ಬಿದ್ದಿತ್ತು.

ಕೋಡಿ ಬೀಳುವುದು ಊರಿಗೆ ಹಬ್ಬ. ಮೀನು ಸಾಕಿದವನಿಗೆ ಮಾತ್ರ ಅದು ಬೇರೆ ಸುದ್ದಿ. ಹರಿಯುವ ನೀರಿನ ಸೆಳೆತ ಗೆಂಡೆ ಜಾತಿಗೆ ಹುಟ್ಟುಗುಣ. ತಿಂಗಳುಗಟ್ಟಲೆ ನಿಂತ ನೀರಿನಲ್ಲಿದ್ದ ಮರಿಗಳು ಆ ಸದ್ದಿಗೆ ಗುಂಪುಗುಂಪಾಗಿ ಕೋಡಿಯ ಕಡೆ ಬರುತ್ತವೆ. ಬಲೆ ಇಲ್ಲದಿದ್ದರೆ ಒಂದು ರಾತ್ರಿಯಲ್ಲಿ ವರ್ಷದ ಬಂಡವಾಳ ಹಳ್ಳದ ಪಾಲು. ಬಲೆ ಇದ್ದರೆ ಇನ್ನೊಂದು ತೊಂದರೆ. ಹೊಲದಿಂದ ಬಂದ ಹುಲ್ಲು, ಕಬ್ಬಿನ ರವದಿ, ಜೊಂಡು ಬಲೆಗೆ ಕಟ್ಟಿಕೊಳ್ಳುತ್ತದೆ. ಕಸ ಕಟ್ಟಿದಷ್ಟೂ ಕೋಡಿ ಕಿರಿದಾಗುತ್ತದೆ, ಕೆರೆಯ ನೀರು ಏರುತ್ತದೆ. ಅದು ಮಣ್ಣಿನ ಒಡ್ಡಿನ ತಲೆ ದಾಟಿ ಹರಿಯಲು ಶುರುವಾದರೆ ಒಡ್ಡು ಉಳಿಯುವುದಿಲ್ಲ.

ನಾವು ಹೋಗುವಾಗಲೇ ಬಲೆ ಹೊಟ್ಟೆ ಬಿಟ್ಟು ಬಾಗಿತ್ತು. ಮಾಮಾ ಮೊಣಕಾಲುದ್ದ ನೀರಿನಲ್ಲಿ ನಿಂತು ಕೈಯಿಂದ ಕಸ ಎಳೆಯುತ್ತಿದ್ದರು. ಸೊಂಟಕ್ಕೆ ಕಟ್ಟಿದ ಹಗ್ಗದ ತುದಿ ಬೇವಿನ ಗಿಡಕ್ಕಿತ್ತು. ನಾವೂ ಹಗ್ಗ ಕಟ್ಟಿಕೊಂಡು ಇಳಿದೆವು. ಒಂದು ಹಿಡಿ ತೆಗೆದರೆ ಎರಡು ಹಿಡಿ ಬಂದು ಕೂರುತ್ತಿತ್ತು. ಗೆಳೆಯ ಒಡ್ಡಿಗೆ ಒಂದು ಕೋಲು ನೆಟ್ಟು ನೀರಿನ ಗುರುತು ಹಾಕಿದ. ಇಪ್ಪತ್ತು ನಿಮಿಷಕ್ಕೆ ಎರಡು ಬೆರಳು ಏರಿತ್ತು.

ಅವನು ನೀರು ಏರುವುದನ್ನು ನೋಡುವ ರೀತಿ ಬೇರೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ, ನವಿಲುತೀರ್ಥದಿಂದ ಬಿಟ್ಟ ನೀರು ರಾಮದುರ್ಗಕ್ಕೆ ನುಗ್ಗಿದಾಗ ಅವರ ಓಣಿಯಲ್ಲಿ ಕಿಟಕಿಯವರೆಗೆ ನೀರು ನಿಂತಿತ್ತು. ಆಗಲೂ ಗೋಡೆಯ ಮೇಲೆ ಇದ್ದಿಲಿನಿಂದ ಗುರುತು ಹಾಕಿದವನು ಇವನೇ. ‘ಮಾಮಾ, ಬಲಿ ಬಿಚ್ಚೂಣು’ ಎಂದ.

ಮಾಮಾ ಮಾತಾಡಲಿಲ್ಲ.

‘ಮರಿ ಹೋದ್ರ ಮುಂದಿನ ವರ್ಷ ತರಬಹುದು. ಒಡ್ಡ ಹೋದ್ರ ಕೆಳಗಿನವರ ಹೊಲ ಹೋಗತಾವ.’

‘ಸಾಲ ಯಾರ ಕಟ್ಟತಾರೋ ಅಳಿಯಾ?’ ಮಾಮಾನ ಧ್ವನಿ ಏರಲಿಲ್ಲ. ಆ ಪ್ರಶ್ನೆಗೆ ನಮ್ಮಿಬ್ಬರಲ್ಲೂ ಉತ್ತರವಿರಲಿಲ್ಲ. ಕೆಳಗಿನ ಹೊಲದವರು ಮೂವರು ತಲೆಗೆ ಗೊಬ್ಬರದ ಚೀಲ ಹೊದ್ದು ಬಂದು ಒಡ್ಡಿನ ಮೇಲೆ ನಿಂತರು. ಜಗಳಕ್ಕೆ ಬಂದವರಲ್ಲ. ಆದರೂ ಅವರು ನೋಡುತ್ತಿದ್ದುದು ಆ ಗುರುತಿನ ಕೋಲನ್ನೇ.

ಆಗ ಹೊಳೆದದ್ದು ಶೆಡ್ಡಿನ ಗೋಡೆಗೆ ಆನಿಸಿಟ್ಟಿದ್ದ ಬಿದಿರಿನ ತಟ್ಟಿ. ಹೊಲದವರಲ್ಲಿ ಹಿರಿಯರೊಬ್ಬರು, ‘ಬಲಿ ಮುಂದ ತಟ್ಟಿ ವಾರಿ ಹಚ್ಚರಿ, ಕಸಾ ಮ್ಯಾಲ ಏರತೈತಿ, ನೀರ ಕೆಳಗ ಹೋಗತೈತಿ’ ಎಂದರು. ಕಬ್ಬಿನ ಕಾಲುವೆಯ ಬಾಯಿಗೆ ಅವರು ಮಾಡುವುದು ಹಾಗೇ. ಬಲೆಗಿಂತ ನಾಲ್ಕು ಅಡಿ ಮುಂದೆ, ತಲೆ ಹಿಂದಕ್ಕೆ ವಾಲುವಂತೆ ಎರಡು ತಟ್ಟಿ ನಿಲ್ಲಿಸಿ, ಗೂಟ ಹೊಡೆದು, ಕಲ್ಲು ಒತ್ತಿದೆವು. ಐದು ಜನ, ಒಂದು ಗಂಟೆಯ ಕೆಲಸ. ತೇಲಿಬಂದ ರವದಿ ತಟ್ಟಿಗೆ ತಾಗಿ ಇಳಿಜಾರಿನಗುಂಟ ಮೇಲೇರಿ ಕೂರತೊಡಗಿತು. ಮೇಲಿನಿಂದ ಸಲಿಕೆಯಲ್ಲಿ ಎಳೆದು ದಂಡೆಗೆ ಹಾಕುವುದು ಸುಲಭವಾಯಿತು. ಬಲೆಯ ಹೊಟ್ಟೆ ಇಳಿಯಿತು.

ಆದರೂ ಐದೂವರೆಗೆ ಇನ್ನೊಂದು ಜಡಿ ಬಂತು. ನೀರು ಕೋಲಿನ ಮೇಲೆ ಮತ್ತೆ ಏರಿತು. ಒಡ್ಡಿನ ತಲೆಗೆ ಇನ್ನು ಒಂದು ಗೇಣು. ಮಾಮಾ ಎದ್ದು ಹೋಗಿ ಬಲೆಯ ಒಂದು ಬದಿಯ ಹಗ್ಗವನ್ನು ತಾವೇ ಬಿಚ್ಚಿದರು. ಯಾರೂ ಹೇಳಿರಲಿಲ್ಲ. ಅರ್ಧ ಕೋಡಿ ತೆರೆದುಕೊಂಡಿತು. ಬೆಳ್ಳನೆಯ ಮಿಂಚು ಮಿಂಚಾಗಿ ಮರಿಗಳು ನೀರಿನ ಜೊತೆ ಜಾರುವುದು ನಿಂತಲ್ಲಿಂದಲೇ ಕಾಣುತ್ತಿತ್ತು. ಮಾಮಾ ಬಿಚ್ಚಿದ ಹಗ್ಗವನ್ನು ಕೈಗೆ ಸುತ್ತಿಕೊಂಡು ಬೇರೆ ಕಡೆ ತಿರುಗಿ ನಿಂತರು. ಹೊಲದ ಹಿರಿಯರು ಬೀಡಿ ಮುಂದೆ ಹಿಡಿದರು, ಒದ್ದೆಯಾಗಿತ್ತು, ಹತ್ತಲಿಲ್ಲ.

ಕೆಳಗೆ ಹಳ್ಳದಲ್ಲಿ ಊರ ಹುಡುಗರು ಸೊಳ್ಳೆಪರದೆ ಹಿಡಿದು ಮರಿ ಹಿಡಿಯುತ್ತಿದ್ದರು. ಬಾಟಲಿ, ಕೊಡ, ಡಬ್ಬಿಗಳಲ್ಲಿ ತುಂಬಿಕೊಂಡು ಕೇಕೆ ಹಾಕುತ್ತಿದ್ದರು. ಗೆಳೆಯ ಅಲ್ಲಿಗೆ ಇಳಿದುಹೋದ. ಬೈಯುತ್ತಾನೆಂದುಕೊಂಡೆ. ಅವನು ಹುಡುಗರ ನಡುವೆ ಕುಕ್ಕರುಗಾಲಲ್ಲಿ ಕೂತು ಏನೋ ಕೇಳಿದ, ಏನೋ ತೋರಿಸಿದ. ಸ್ವಲ್ಪ ಹೊತ್ತಿಗೆ ಹುಡುಗರು ಸಾಲಾಗಿ ಒಡ್ಡು ಹತ್ತಿ ಬಂದು ಕೊಡಗಳನ್ನು ಕೆರೆಯ ಒಳಬದಿಗೆ ಸುರಿಯತೊಡಗಿದರು. ಒಬ್ಬ ಪುಟ್ಟ ಹುಡುಗ ಮಾತ್ರ ಎರಡು ಮರಿ ಇದ್ದ ಬಾಟಲಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಿದ್ದ. ಮಾಮಾ ಅದನ್ನು ಕಂಡರೂ ಕಾಣದಂತೆ ಇದ್ದರು.

ಏನು ಹೇಳಿದೆ ಎಂದು ಗೆಳೆಯನನ್ನು ಕೇಳಿದೆ. ‘ಏನಿಲ್ಲ. ಈ ಕೆರಿ ಮೀನ ಯಾರವು ಅಂತ ಕೇಳಿದ್ಯಾ. ಸರಕಾರದ್ದು ಅಂದ್ರು. ಅಲ್ಲಪಾ, ಅಲ್ಲಿ ಹಗ್ಗ ಹಿಡಕೊಂಡು ನಿಂತಾನಲ್ಲ, ಆ ಕಾಕಾಂದು ಅಂದ್ಯಾ.’

ಈ ಒಂದು ವಿಷಯ ನಮ್ಮ ವಯಸ್ಸಿನ ಗಾಳಗಾರರಿಗೂ ಹೇಳಬೇಕಾದ್ದೇ. ಕೆರೆಯ ನೀರು ಊರಿನದು. ಮೀನು ಹಾಗಲ್ಲ. ಹೆಚ್ಚಿನ ಕೆರೆಗಳ ಮೀನಿನ ಹಕ್ಕನ್ನು ಗ್ರಾಮ ಪಂಚಾಯ್ತಿಯೋ ಮೀನುಗಾರಿಕೆ ಇಲಾಖೆಯೋ ಗುತ್ತಿಗೆಗೆ ಕೊಟ್ಟಿರುತ್ತದೆ. ಹಿಡಿದವರು ಒಬ್ಬ ಮನುಷ್ಯನೋ ಮೀನುಗಾರರ ಸಹಕಾರ ಸಂಘವೋ ಆಗಿರಬಹುದು. ಅವರು ಮರಿ ಕೊಂಡು ಬಿಟ್ಟು, ರಾತ್ರಿ ಕಾವಲು ಕಾದು, ಕೋಡಿಯಲ್ಲಿ ಹೀಗೆ ಒದ್ದೆಯಾಗಿ ನಿಂತಿರುತ್ತಾರೆ. ಗೊತ್ತಿಲ್ಲದ ಕೆರೆಗೆ ಹೋದಾಗ ಆಳ ಕೇಳುವ ಮೊದಲು ಅವರನ್ನು ಕೇಳಬೇಕು. ಕೇಳಿದರೆ ಬಹಳ ಮಂದಿ ಬೇಡ ಎನ್ನುವುದಿಲ್ಲ, ಒಂದು ಚಾ ಕೂಡ ಕೊಡುತ್ತಾರೆ.

ರಾತ್ರಿ ಎಂಟಕ್ಕೆ ಮಳೆ ಇಳಿಯಿತು. ಗುರುತಿನ ಕೋಲಿನಲ್ಲಿ ನೀರು ನಾಲ್ಕು ಬೆರಳು ಕೆಳಗೆ ಹೋದ ಮೇಲೆ ಮಾಮಾ ಬಲೆಯ ಬದಿಯನ್ನು ಮತ್ತೆ ಕಟ್ಟಿದರು. ಅತ್ತೆ ಮನೆಯಲ್ಲಿ ಬಿಸಿ ಬಿಸಿ ಜೋಳದ ನುಚ್ಚು, ಸಾರು ಮಾಡಿ ಕಾಯುತ್ತಿದ್ದರು. ಎಷ್ಟು ಹೋದವು ಎಂದು ಅವರು ಕೇಳಲಿಲ್ಲ. ಮಾಮಾ ಹೇಳಲೂ ಇಲ್ಲ. ಹೇಳಲು ಬರುವಂತೆಯೂ ಇರಲಿಲ್ಲ. ಹತ್ತು ಸಾವಿರದಲ್ಲಿ ಎಷ್ಟು ಉಳಿದಿವೆ ಎಂಬ ಲೆಕ್ಕ ಸಿಗುವುದು ಬರುವ ಏಪ್ರಿಲ್‌ನಲ್ಲಿ, ನೀರು ಇಳಿದು ಬಲೆ ಎಳೆದಾಗಲೇ. ಅಲ್ಲಿಯವರೆಗೆ ಸಾಲದ ಕಂತು ಮಾತ್ರ ತಿಂಗಳು ತಿಂಗಳು ತಪ್ಪದೆ ಬರುತ್ತದೆ.

ಮಲಗುವ ಮುಂಚೆ ಗೆಳೆಯ ಮಾಮಾನ ಅದೇ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಕೋಡಿಯ ಚಿತ್ರ ಬರೆದ. ಅಗಲ, ಎತ್ತರ, ತಟ್ಟಿ ವಾಲಬೇಕಾದ ಕೋನ, ಸರಳುಗಳ ನಡುವಿನ ಸಂದು. ಬಿದಿರಿನ ಬದಲು ಕಬ್ಬಿಣದ ಜಾಲರಿ ಮಾಡಿಸಿದರೆ ಎಷ್ಟಾಗುತ್ತದೆ ಎಂದು ಕಿತ್ತೂರಿನ ವೆಲ್ಡಿಂಗ್ ಅಂಗಡಿಯಲ್ಲಿ ಕೇಳಿಕೊಂಡೇ ಹೋಗೋಣ ಎಂದ. ಪುಣೆಯ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಬೆಳಿಗ್ಗೆ ಬೈಕಿನ ಗಾಲಿಯ ಎರೆಮಣ್ಣು ತೊಳೆಯುತ್ತಿದ್ದಾಗ ಮಾಮಾ ಹತ್ತಿರ ಬಂದರು. ಹಾಳೆಯನ್ನು ಬಹಳ ಹೊತ್ತು ನೋಡಿ, ‘ಎರಡ ಮಾಡಸ್ರಿ. ಒಂದ ಇಲ್ಲಿಗೆ’ ಎಂದರು.

‘ಇನ್ನೊಂದ್ ಯಾಕ ಮಾಮಾ?’

‘ರಾಮದುರ್ಗದ ಕೆರಿಗೂ ಕೋಡಿ ಐತಲ್ಲೋ?’